ಒಂದೇ ನೀರು, ಹೊಸ ಹೊಸ ನೆಪ

(ಓದುಗರ ಕೂಟವೊಂದರಲ್ಲಿ ಚಿತ್ರಗಳನ್ನು ತೋರಿಸುತ್ತಾ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಸ್ಟ್ರಿಯಾಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ವಿಯೆನ್ನಾ ನೋಡುತ್ತಾರೆ, ಸಾಲ್ಜ್‌ಬರ್ಗ್ ನೋಡುತ್ತಾರೆ, ಸರೋವರದ ದಂಡೆಯ ಹಾಲ್‌ಸ್ಟಾಟ್‌ನಲ್ಲಿ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ನಾನು ಇವತ್ತು ಹೇಳುವ ಊರು ಈ ಪಟ್ಟಿಯಲ್ಲಿ ಇರುವುದಿಲ್ಲ. ಸಾಲ್ಜ್‌ಬರ್ಗ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದೂವರೆ ಗಂಟೆ. ಹೆಸರು ಬಾಡ್ ಗಾಸ್ಟೈನ್. ಆಲ್ಪ್ಸ್ ಪರ್ವತದ ಹೋಹೆ ಟೌಯರ್ನ್ ಸಾಲಿನಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿ ಇದೆ. ನಾಲ್ಕು ಸಾವಿರದಷ್ಟು ಜನ ಇರುವ ಊರು. ಬಿಸಿನೀರಿನ ಊಟೆಗಳಿಂದಲೇ ಹುಟ್ಟಿ, ಅವುಗಳಿಂದಲೇ ಬದುಕಿದ ಊರು.

ಮೊದಲು ಈ ಚಿತ್ರ ನೋಡಿ. ಊರಿನ ಮಧ್ಯೆ ಒಂದು ಜಲಪಾತ. ಊರ ಹೊರಗೆ ಅಲ್ಲ, ಸರಿಯಾಗಿ ಪೇಟೆಯ ನಡುವೆ. ಮೂರು ಹಂತದಲ್ಲಿ ಒಟ್ಟು 341 ಮೀಟರ್ ಇಳಿಯುತ್ತದೆ. ಅದರ ಎರಡೂ ಕಡೆ, ಕಡಿದಾದ ಬಂಡೆಗೆ ಅಂಟಿಕೊಂಡು, ಎಂಟು ಹತ್ತು ಅಂತಸ್ತಿನ ಹಳೇ ಹೋಟೆಲುಗಳು. ವಿಯೆನ್ನಾದ ಒಂದು ಬೀದಿಯನ್ನು ಕಿತ್ತು ತಂದು ಅಟ್ಟದ ಮೇಲೆ ಅಟ್ಟ ಇಟ್ಟ ಹಾಗೆ ಕಾಣುತ್ತದೆ. ಕೆಲವು ಕಟ್ಟಡಗಳಿಗೆ ನೀವು ರಸ್ತೆಯಿಂದ ಒಳಗೆ ಹೋದರೆ ಅದು ಮೇಲಿನ ಮಹಡಿ! ಅಲ್ಲಿಂದ ಕೋಣೆಗೆ ಕೆಳಗೆ ಇಳಿಯಬೇಕು. ಊರಿನಲ್ಲಿ ಸಮತಟ್ಟು ಜಾಗ ಅಂತ ಇಲ್ಲವೇ ಇಲ್ಲ. ರೈಲು ನಿಲ್ದಾಣ ಮೇಲೆ, ಹಳೇ ಪೇಟೆ ಕೆಳಗೆ.

ಇಷ್ಟು ಕಷ್ಟದ ಜಾಗದಲ್ಲಿ ಯಾಕೆ ಕಟ್ಟಿದರು? ಸ್ವಲ್ಪ ಕೆಳಗೆ ಹೋದರೆ ಕಣಿವೆ ಅಗಲವಾಗಿದೆ, ಆರಾಮಾಗಿ ಕಟ್ಟಬಹುದಿತ್ತು. ಆದರೆ ಬಿಸಿನೀರು ಹೊರಬರುವುದು ಈ ಜಲಪಾತದ ಪಕ್ಕದ ಇಳಿಜಾರಿನಲ್ಲೇ. ಹದಿನೇಳೋ ಹದಿನೆಂಟೋ ಊಟೆಗಳು, 46 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ, ಎಲ್ಲ ಸೇರಿ ದಿನಕ್ಕೆ ಸುಮಾರು 50 ಲಕ್ಷ ಲೀಟರ್ ನೀರು.

ಬಿಸಿನೀರು ಅಂದರೆ ಜ್ವಾಲಾಮುಖಿ ಇರಬೇಕು ಅಂತ ಹಲವರು ಅಂದುಕೊಳ್ಳುತ್ತಾರೆ. ಇಲ್ಲಿ ಅದೇನೂ ಇಲ್ಲ. ಮೇಲಿನ ಬೆಟ್ಟಗಳಲ್ಲಿ ಬಿದ್ದ ಮಳೆ ಮತ್ತು ಹಿಮದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು, ಸುಮಾರು ಎರಡು ಕಿಲೋಮೀಟರ್ ಆಳಕ್ಕೆ ಹೋಗಿ, ಅಲ್ಲಿ ಕಾದು, ಬೇರೆ ಬಿರುಕಿನಿಂದ ಮೇಲೆ ಬರುತ್ತದೆ. ಆಳಕ್ಕೆ ಹೋದಷ್ಟೂ ಕಲ್ಲು ಬಿಸಿ ಎಂಬುದನ್ನು ನಮ್ಮ ಕೆ.ಜಿ.ಎಫ್.ನಲ್ಲಿ ಗಣಿಗೆ ಇಳಿದವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮೂರು ಕಿಲೋಮೀಟರ್ ಕೆಳಗೆ ಬಂಡೆಯ ಶಾಖ 60 ಡಿಗ್ರಿ ದಾಟಿತ್ತು. ಗಾಸ್ಟೈನ್‌ನ ನೀರಿನ ಈ ಒಂದು ಸುತ್ತಿಗೆ ಮೂರು ಸಾವಿರ ವರ್ಷ ಬೇಕು ಅಂತ ಅಲ್ಲಿಯವರು ಲೆಕ್ಕ ಹೇಳುತ್ತಾರೆ. ಅಂದರೆ ಇವತ್ತು ನೀವು ಮೀಯುವ ನೀರು ಬುದ್ಧನಿಗಿಂತ ಹಿಂದೆ ಬಿದ್ದ ಮಳೆ.

ನನಗೆ ಕುತೂಹಲ ಹುಟ್ಟಿಸಿದ್ದು ಇದೇ. ನೀರು ಬದಲಾಗಿಲ್ಲ. ಅದರ ಬಿಸಿ ಅಷ್ಟೇ, ರುಚಿ ಅಷ್ಟೇ. ಆದರೆ ಜನ ಅಲ್ಲಿಗೆ ಹೋಗುವ ಕಾರಣ ಮಾತ್ರ ಪ್ರತಿ ಎರಡು ಮೂರು ತಲೆಮಾರಿಗೆ ಒಮ್ಮೆ ಬದಲಾಗಿದೆ. ಒಂದು ಕಾರಣ ಹಳತಾದಾಗ ಊರು ಸೊರಗಿದೆ, ಹೊಸದು ಸಿಕ್ಕಾಗ ಚಿಗುರಿದೆ. ಇವತ್ತಿನ ಮಾತು ಅದರ ಕಥೆ.

ಮೊದಲ ನೆಪ ದೈವದ್ದು. ಬಾಣ ತಗುಲಿದ ಜಿಂಕೆಯೊಂದು ಬಿಸಿನೀರಿನಲ್ಲಿ ಗಾಯ ತೊಳೆದುಕೊಳ್ಳುತ್ತಿತ್ತಂತೆ. ಅದನ್ನು ಅಟ್ಟಿಕೊಂಡು ಬಂದ ಬೇಟೆಗಾರರಿಗೆ ಊಟೆ ಸಿಕ್ಕಿತಂತೆ. ಯೂರೋಪಿನ ಬಿಸಿನೀರಿನ ಊರುಗಳಲ್ಲಿ ಈ ಜಿಂಕೆ ಮತ್ತೆ ಮತ್ತೆ ಸಿಗುತ್ತದೆ. ಚೆಕ್ ದೇಶದ ಕಾರ್ಲೊವಿ ವಾರಿಯಲ್ಲೂ ಜಿಂಕೆಯದೇ ಕಥೆ, ಅಲ್ಲಿ ಅಟ್ಟಿಸಿಕೊಂಡು ಬಂದದ್ದು ಚಕ್ರವರ್ತಿ ನಾಲ್ಕನೇ ಚಾರ್ಲ್ಸ್‌ನ ಬೇಟೆ. ನಮ್ಮಲ್ಲಾದರೆ ಇಂಥ ಜಾಗಕ್ಕೆ ರಾಮನೋ ಲಕ್ಷ್ಮಣನೋ ಬಾಣ ಹೊಡೆದಿರುತ್ತಾರೆ.

ಮಧ್ಯಯುಗದಲ್ಲಿ ಇಲ್ಲಿ ಮೀಯುವುದು ಸುಖದ ವಿಷಯವಾಗಿರಲಿಲ್ಲ. ಒಂದೇ ಕೊಳದಲ್ಲಿ ಎಲ್ಲರೂ ದಿನಕ್ಕೆ ಹಲವು ಗಂಟೆ ಕೂರುತ್ತಿದ್ದರು. ಚರ್ಮ ಕೆಂಪಾಗಿ ಒಡೆಯಬೇಕು, ಆಗಲೇ ರೋಗ ಹೊರಗೆ ಬರುತ್ತದೆ ಅಂತ ನಂಬಿಕೆ. ನೀರಿನಲ್ಲೇ ಊಟ, ನೀರಿನಲ್ಲೇ ಹರಟೆ. 1436ರಲ್ಲಿ ಡ್ಯೂಕ್ ಫ್ರೆಡರಿಕ್, ಅಂದರೆ ಮುಂದೆ ಚಕ್ರವರ್ತಿ ಮೂರನೇ ಫ್ರೆಡರಿಕ್ ಆದವನು, ಇಲ್ಲಿಗೆ ಬಂದಿದ್ದ. ಮುಂದಿನ ಶತಮಾನದಲ್ಲಿ ವೈದ್ಯ ಪ್ಯಾರಸೆಲ್ಸಸ್ ಈ ನೀರಿನ ಬಗ್ಗೆ ಬರೆದ. ಅದೇ ಕಾಲದಲ್ಲಿ ಸುತ್ತಲ ಬೆಟ್ಟಗಳಲ್ಲಿ ಚಿನ್ನದ ಗಣಿಗಾರಿಕೆ ಉಚ್ಛ್ರಾಯದಲ್ಲಿತ್ತು. ಈ ಚಿನ್ನದ ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಆಮೇಲೆ ದೊಡ್ಡವರ ಕಾಲ. ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್ ಕೊಲ್ಲೊರೆಡೊ 1790ರ ದಶಕದಲ್ಲಿ ಇಲ್ಲಿ ತನಗೊಂದು ಸ್ನಾನದ ಅರಮನೆ ಕಟ್ಟಿಸಿಕೊಂಡ. ಸಂಗೀತಗಾರ ಮೊಜಾರ್ಟ್‌ನ ಜೊತೆ ಜಗಳವಾಡಿ ಅವನನ್ನು ಕೆಲಸದಿಂದ ಕಳಿಸಿದವನು ಇವನೇ. ಕಣಿವೆಯಲ್ಲಿ ಕೆಳಗಿರುವ ಹೋಫ್‌ಗಾಸ್ಟೈನ್ ಊರಿನವರಿಗೆ ನೀರಿಲ್ಲ, ಬರೀ ಹೊಟ್ಟೆಕಿಚ್ಚು. ಕೊನೆಗೆ 1828ರಲ್ಲಿ ಮರದ ಕೊಳವೆಗಳ ಮೂಲಕ ಏಳೆಂಟು ಕಿಲೋಮೀಟರ್ ಬಿಸಿನೀರು ಹರಿಸಿಕೊಂಡರು. ಈಗಲೂ ಆ ಊರಿನ ಸ್ನಾನಗೃಹಗಳಿಗೆ ನೀರು ಮೇಲಿನಿಂದಲೇ ಬರುತ್ತದೆ. 1825ರ ಬೇಸಿಗೆಯಲ್ಲಿ ಸಂಗೀತ ರಚನಕಾರ ಶುಬರ್ಟ್ ಬಂದು ಉಳಿದು ಒಂದು ಪಿಯಾನೊ ಸೊನಾಟಾ ಬರೆದ.

ರಾಜಕೀಯವೂ ಇಲ್ಲಿಯೇ ನಡೆಯಿತು. ಆಗಿನ ಜರ್ಮನ್ ರಾಜ್ಯಗಳಲ್ಲಿ ಒಂದಾದ ಪ್ರಷ್ಯಾದ ದೊರೆ ಒಂದನೇ ವಿಲ್ಹೆಲ್ಮ್ 1863ರಿಂದ ಹೆಚ್ಚುಕಡಿಮೆ ಪ್ರತಿ ಬೇಸಿಗೆ ಬರುತ್ತಿದ್ದ. ಹಿಂದೆಯೇ ಅವನ ಪ್ರಧಾನಿ ಬಿಸ್ಮಾರ್ಕ್. 1865ರ ಆಗಸ್ಟ್ 14ರಂದು ಪ್ರಷ್ಯಾ ಮತ್ತು ಆಸ್ಟ್ರಿಯಾ ಇಲ್ಲೊಂದು ಒಪ್ಪಂದ ಮಾಡಿಕೊಂಡವು. ಡೆನ್ಮಾರ್ಕ್‌ನಿಂದ ಕಿತ್ತುಕೊಂಡ ಎರಡು ಸಂಸ್ಥಾನಗಳಲ್ಲಿ ಷ್ಲೆಸ್ವಿಗ್ ನಿನಗೆ, ಹೋಲ್‌ಸ್ಟೈನ್ ನನಗೆ ಅಂತ ಹಂಚಿಕೆ. ಸಹಿ ಬಿದ್ದದ್ದು ಜಲಪಾತದ ಪಕ್ಕದ ಸ್ಟ್ರೌಬಿಂಗರ್ ಹೋಟೆಲಿನಲ್ಲಿ. ವರ್ಷ ತುಂಬುವಷ್ಟರಲ್ಲಿ ಅವರಿಬ್ಬರಿಗೂ ಯುದ್ಧವೇ ಆಯಿತು, ಆಸ್ಟ್ರಿಯಾ ಸೋತಿತು. ಆಸ್ಟ್ರಿಯಾವನ್ನು ಸೋಲಿಸಿದ ಮೇಲೂ ವಿಲ್ಹೆಲ್ಮ್ ಆಸ್ಟ್ರಿಯಾದ ಇದೇ ಊರಿಗೆ ಸ್ನಾನಕ್ಕೆ ಬರುವುದನ್ನು ಬಿಡಲಿಲ್ಲ. ಅವನ ಹೆಸರಿನ ಕಾಲುದಾರಿ ಇನ್ನೂ ಇದೆ. ಊರಿನಲ್ಲಿ ಏರುಇಳಿವು ಇಲ್ಲದೆ ನಡೆಯಲು ಸಿಗುವ ಅಪರೂಪದ ದಾರಿ ಅದು.

1905ರಲ್ಲಿ ರೈಲು ಬಂತು. 1909ರಲ್ಲಿ ಬೆಟ್ಟ ಕೊರೆದು ಎಂಟು ಕಿಲೋಮೀಟರ್ ಮೀರಿದ ಸುರಂಗ ಮುಗಿದು, ದಕ್ಷಿಣಕ್ಕೂ ದಾರಿಯಾಯಿತು. ಅದೇ ವರ್ಷ ಗ್ರ್ಯಾಂಡ್ ಹೋಟೆಲ್ ದ ಲ್ಯೂರೋಪ್ ತೆರೆಯಿತು. ಆಗಿನ ಕಾಲಕ್ಕೆ ಅದು ಆಕಾಶ ಮುಟ್ಟುವ ಕಟ್ಟಡ. ನೀವು ಇವತ್ತು ನೋಡುವ ಊರಿನ ಆಕಾರ ಬಹಳಮಟ್ಟಿಗೆ ಆ ಹತ್ತಿಪ್ಪತ್ತು ವರ್ಷಗಳದ್ದು.

ಆಗಲೇ ಹೊಸ ನೆಪವೊಂದು ಸಿಕ್ಕಿತು. 1904ರಲ್ಲಿ ವಿಯೆನ್ನಾದ ಭೌತವಿಜ್ಞಾನಿ ಹೈನ್ರಿಖ್ ಮಾಖೆ ಈ ನೀರಿನಲ್ಲಿ ರೇಡಿಯಂನಿಂದ ಹುಟ್ಟುವ ವಿಕಿರಣಶೀಲ ಅನಿಲವನ್ನು ಪತ್ತೆ ಮಾಡಿದ. ಈಗ ನಾವು ಅದನ್ನು ರೇಡಾನ್ ಅನ್ನುತ್ತೇವೆ. ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದು ಆರು ವರ್ಷವಷ್ಟೇ ಆಗಿತ್ತು. ಅದರ ಬಗ್ಗೆ ಜಗತ್ತಿಗೆ ಹುಚ್ಚು ಹಿಡಿದಿತ್ತು. ಗಾಸ್ಟೈನ್‌ನ ನೀರಿನಲ್ಲಿ ಖನಿಜ ತೀರಾ ಕಡಿಮೆ. ಗಂಧಕದ ವಾಸನೆ ಇಲ್ಲ, ಉಪ್ಪಿಲ್ಲ. ಕುಡಿದರೆ ಸುಮ್ನೆ ಬಿಸಿನೀರು ಕುಡಿದ ಹಾಗೆ. ಹಾಗಾದರೆ ಗುಣ ಎಲ್ಲಿಂದ ಬರುತ್ತದೆ ಅಂತ ನೂರಾರು ವರ್ಷ ವೈದ್ಯರು ತಲೆ ಕೆಡಿಸಿಕೊಂಡಿದ್ದರು. ಈಗ ಉತ್ತರ ಸಿಕ್ಕಿತು ಅಂದುಕೊಂಡರು. ದೇವರ ನೀರು ರಾತ್ರೋರಾತ್ರಿ ವಿಜ್ಞಾನದ ನೀರಾಯಿತು.

ಈಗ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ. ನಮ್ಮ ಇತಿಹಾಸದ ಒಂದು ತುಂಡು ಈ ಊರಿನಲ್ಲಿದೆ.

1930ರ ದಶಕದಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟದ ಹಲವರು ಯೂರೋಪಿನ ಇಂಥ ಆರೋಗ್ಯಧಾಮಗಳಲ್ಲಿ ಕಾಣಿಸುತ್ತಾರೆ. ಕಮಲಾ ನೆಹರೂ ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಚಿಕಿತ್ಸೆಯಲ್ಲಿದ್ದರು. 1935ರಲ್ಲಿ ಅವರನ್ನು ನೋಡಿಕೊಳ್ಳಲೆಂದೇ ಜವಾಹರಲಾಲರನ್ನು ಜೈಲಿನಿಂದ ಬಿಟ್ಟರು. ಸುಭಾಷ್‌ಚಂದ್ರ ಬೋಸರ ಆರೋಗ್ಯ ಜೈಲುಗಳಲ್ಲಿ ಪೂರಾ ಹಾಳಾಗಿತ್ತು. 1933ರಲ್ಲಿ ಚಿಕಿತ್ಸೆಗೆಂದು ಯೂರೋಪಿಗೆ ಹೋಗಲು ಸರ್ಕಾರ ಬಿಟ್ಟಿತು, ಅದು ಒಂದು ಥರ ಗಡೀಪಾರೇ. 1935ರಲ್ಲಿ ವಿಯೆನ್ನಾದಲ್ಲಿ ಅವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಯಿತು.

1936ರ ಫೆಬ್ರವರಿ 28ರಂದು ಕಮಲಾ ಸ್ವಿಟ್ಜರ್ಲೆಂಡಿನ ಲಾಸಾನ್‌ನಲ್ಲಿ ತೀರಿಕೊಂಡರು. ಆಗ ಜೊತೆಗಿದ್ದ ಬೋಸರು ಅಲ್ಲಿಂದ ಬಂದದ್ದು ಬಾಡ್ ಗಾಸ್ಟೈನ್‌ಗೆ. ಕುರ್‌ಹೌಸ್ ಹೋಖ್‌ಲಾಂಟ್ ಎಂಬ ವಸತಿಗೃಹದಲ್ಲಿ ಇಳಿದುಕೊಂಡಿದ್ದರು. ಅಲ್ಲಿದ್ದಾಗಲೇ ವಿಯೆನ್ನಾದ ಬ್ರಿಟಿಷ್ ಕಾನ್ಸಲ್‌ನಿಂದ ಪತ್ರ ಬಂತು: ಭಾರತಕ್ಕೆ ಹಿಂದಿರುಗಿದರೆ ಹೊರಗೆ ಓಡಾಡಿಕೊಂಡಿರಲು ಆಗುತ್ತದೆ ಅಂತ ನಿರೀಕ್ಷಿಸಬೇಡಿ ಎಂಬ ಎಚ್ಚರಿಕೆ. ಬೋಸರು ಏನು ಮಾಡಿದರು? ಈ ಊರಿನಿಂದಲೇ ನೆಹರೂಗೆ ಕಾಗದ ಬರೆದರು, ಹಡಗು ಹತ್ತಿದರು. ಏಪ್ರಿಲ್ 8ರಂದು ಮುಂಬಯಿಯಲ್ಲಿ ಇಳಿದರು, ಇಳಿದ ಕೂಡಲೇ ಬಂಧನ.

ಎರಡನೆಯ ಸಲ ಬಂದದ್ದು 1937ರ ನವೆಂಬರ್ ಕೊನೆಗೆ. ಮುಂದಿನ ವರ್ಷದ ಕಾಂಗ್ರೆಸ್ ಅಧ್ಯಕ್ಷಗಿರಿ ಅವರಿಗೇ ಅನ್ನುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ವಿಮಾನದಲ್ಲಿ ಬಂದು, ನೇರ ಈ ಬೆಟ್ಟದ ಊರು ಸೇರಿದರು. ಡಿಸೆಂಬರಿನಲ್ಲಿ ಹತ್ತು ದಿನ ಕೂತು ತಮ್ಮ ಆತ್ಮಕಥೆ ಬರೆದರು. ಕಟಕ್‌ನ ಬಾಲ್ಯ, ಸನ್ಯಾಸಿಯಾಗಲು ಮನೆ ಬಿಟ್ಟು ಓಡಿದ್ದು, ಕೇಂಬ್ರಿಡ್ಜ್, 1921ರಲ್ಲಿ ಐ.ಸಿ.ಎಸ್. ಬಿಟ್ಟದ್ದು, ಅಲ್ಲಿಗೆ ನಿಂತಿತು. ಮುಂದಿನ ಭಾಗ ಬರೆಯಲು ಅವರಿಗೆ ಮತ್ತೆ ಅಂಥ ಹತ್ತು ದಿನ ಬದುಕಿನಲ್ಲಿ ಸಿಗಲೇ ಇಲ್ಲ.

ಜೊತೆಯಲ್ಲಿ ಇದ್ದದ್ದು ಎಮಿಲಿ ಶೆಂಕ್ಲ್. 1934ರಲ್ಲಿ ವಿಯೆನ್ನಾದಲ್ಲಿ ಅವರ ಪುಸ್ತಕದ ಕೆಲಸಕ್ಕೆ ಸಹಾಯಕಿಯಾಗಿ ಬಂದವರು. ಡಿಸೆಂಬರ್ 26ರಂದು ಈ ಊರಿನಲ್ಲಿ ನಾವು ಗುಟ್ಟಾಗಿ ಮದುವೆಯಾದೆವು ಅಂತ ಎಮಿಲಿ ಎಷ್ಟೋ ವರ್ಷಗಳ ಮೇಲೆ ಹೇಳಿದರು. ಮದುವೆಯ ವರ್ಷದ ಬಗ್ಗೆ ಬರೆದವರಲ್ಲಿ ಒಮ್ಮತ ಇಲ್ಲ. ನಾನಂತೂ ಎಮಿಲಿಯ ಮಾತನ್ನೇ ನಂಬುತ್ತೇನೆ, ಅವರ ಮದುವೆಯ ದಿನ ಅವರಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರುತ್ತದಾ? ಜನವರಿಯಲ್ಲಿ ಬೋಸರು ಲಂಡನ್ನಿಗೆ ಹೋದರು. ಅಲ್ಲಿದ್ದಾಗ ಅಧ್ಯಕ್ಷರಾಗಿ ಆಯ್ಕೆಯಾದ ಸುದ್ದಿ ಬಂತು. ಎರಡು ತಿಂಗಳಲ್ಲಿ, 1938ರ ಮಾರ್ಚಿನಲ್ಲಿ, ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ.

ಯುದ್ಧ ಮುಗಿದ ಮೇಲೆ ಇದೇ ವೈಭವದ ಹೋಟೆಲುಗಳಲ್ಲಿ, ಮನೆ ಮಾರು ಕಳೆದುಕೊಂಡು ಬದುಕುಳಿದ ಯಹೂದಿ ನಿರಾಶ್ರಿತರನ್ನು ಇರಿಸಿದ್ದರು. ಅವರು ಬಂದದ್ದು ನೀರಿಗಾಗಿ ಅಲ್ಲ.

ಈಗ ಚಿನ್ನಕ್ಕೆ ವಾಪಸ್ ಬರೋಣ. ಯುದ್ಧಕಾಲದಲ್ಲಿ, 1940ರಿಂದ, ಪಕ್ಕದ ಬೊಕ್‌ಸ್ಟೈನ್ ಹಳ್ಳಿಯ ಬಳಿ ರಾಡ್‌ಹೌಸ್‌ಬರ್ಗ್ ಬೆಟ್ಟಕ್ಕೆ ಚಿನ್ನ ಹುಡುಕಲು ಸುರಂಗ ಕೊರೆದರು. ಚಿನ್ನ ಹೇಳಿಕೊಳ್ಳುವಷ್ಟು ಸಿಗಲಿಲ್ಲ. ಸಿಕ್ಕಿದ್ದು ಬಿಸಿ, ತೇವ, ರೇಡಾನ್ ತುಂಬಿದ ಗಾಳಿ. ಅಲ್ಲಿ ದುಡಿದವರಲ್ಲಿ ಕೆಲವರು ಕೀಲುನೋವು ಕಡಿಮೆಯಾಯಿತು ಅಂತ ಹೇಳಿದರು. ಯುದ್ಧದ ನಂತರ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರು. 1952ರಿಂದ ಅದು ಚಿಕಿತ್ಸಾ ಸುರಂಗ.

ಅಲ್ಲಿಯ ರೀತಿ ಹೀಗೆ. ಮೊದಲು ವೈದ್ಯರ ತಪಾಸಣೆ. ಆಮೇಲೆ ಬಟ್ಟೆ ಬದಲಿಸಿ, ಗಣಿಯ ಪುಟ್ಟ ರೈಲಿನಲ್ಲಿ ಕೂತು, ಬೆಟ್ಟದ ಒಳಗೆ ಎರಡು ಕಿಲೋಮೀಟರ್. ಒಳಗೆ ಮಂಚಗಳು ಸಾಲಾಗಿ. ಉಷ್ಣಾಂಶ 37ರಿಂದ 41.5 ಡಿಗ್ರಿ, ಒಳಕ್ಕೆ ಹೋದಷ್ಟೂ ಜಾಸ್ತಿ. ಗಾಳಿಯ ತೇವ ನೂರಕ್ಕೆ ಎಪ್ಪತ್ತರಿಂದ ನೂರರವರೆಗೆ. ಒಂದು ಗಂಟೆಯಷ್ಟು ಸುಮ್ಮನೆ ಮಲಗಿರಬೇಕು. ಮಾತಾಡಬಾರದು. ಮಂಗಳೂರಿನ ಮೇ ತಿಂಗಳು ಗೊತ್ತಿರುವ ನಮಗೆ ಇದಕ್ಕೆ ದುಡ್ಡು ಕೊಡುವುದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಬೆನ್ನುಮೂಳೆ ಬಿಗಿದುಕೊಂಡು ಬಗ್ಗಲಾಗದವರು ಪ್ರತಿ ವರ್ಷ ತಪ್ಪದೆ ಬರುತ್ತಾರೆ.

ಅದು ಬರೀ ನಂಬಿಕೆಯಾ? ಪೂರ್ತಿ ಅಲ್ಲ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಕಾಯಿಲೆ ಇದ್ದ ನೆದರ್ಲೆಂಡ್ಸ್‌ನ 120 ಜನರ ಮೇಲೆ ಒಂದು ಅಧ್ಯಯನ ನಡೆಯಿತು, 2001ರಲ್ಲಿ ಪ್ರಕಟವಾಯಿತು. ಒಂದು ಗುಂಪು ಮೂರು ವಾರ ಬಾಡ್ ಹೋಫ್‌ಗಾಸ್ಟೈನ್‌ಗೆ ಬಂತು, ಒಂದು ಗುಂಪು ತಮ್ಮದೇ ದೇಶದ ಒಂದು ಸ್ಪಾಗೆ ಹೋಯಿತು, ಇನ್ನೊಂದು ಮನೆಯಲ್ಲೇ ಎಂದಿನ ಚಿಕಿತ್ಸೆಯಲ್ಲಿ ಉಳಿಯಿತು. ಸ್ಪಾಗೆ ಹೋದ ಎರಡೂ ಗುಂಪುಗಳಿಗೆ ಗುಣ ಕಂಡಿತು. ಗಾಸ್ಟೈನ್‌ನವರಿಗೆ ಅದು ಹೆಚ್ಚು ಕಾಲ, 40 ವಾರಗಳವರೆಗೆ, ಉಳಿಯಿತು. ಆದರೆ ಗಮನಿಸಿ. ಅವರು ಸುರಂಗದಲ್ಲಿ ಮಲಗಿದ್ದಷ್ಟೇ ಅಲ್ಲ. ವ್ಯಾಯಾಮ ಮಾಡಿದರು, ನಡೆದರು, ಬಿಸಿನೀರಿನಲ್ಲಿ ಮಿಂದರು, ಮೂರು ವಾರ ಕೆಲಸಕ್ಕೆ ಹೋಗಲಿಲ್ಲ. ಇದರಲ್ಲಿ ರೇಡಾನ್‌ನ ಪಾಲು ಎಷ್ಟು, ಬೆಟ್ಟದ ಗಾಳಿಯ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಸುಲಭವಲ್ಲ. ರೇಡಾನ್ ಮಾರುವವರು ಈ ಭಾಗವನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಮುಂದಿನ ನೆಪ ಹಿಮ. 1958ರಲ್ಲಿ ಇಲ್ಲಿ ಸ್ಕೀ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆಸ್ಟ್ರಿಯಾದ ಟೋನಿ ಜೈಲರ್ ಮೂರು ಚಿನ್ನ ಗೆದ್ದ. ಅಷ್ಟುಹೊತ್ತಿಗೆ ಬೇಸಿಗೆಯ ಊರು ಚಳಿಗಾಲದ ಊರೂ ಆಗಿತ್ತು. 1968ರಲ್ಲಿ ವಾಸ್ತುಶಿಲ್ಪಿ ಗೆರ್‌ಹಾರ್ಟ್ ಗಾರ್ಸ್ಟೆನೌವರ್ ಬಂಡೆಯನ್ನೇ ಒಡೆದು ಸಾರ್ವಜನಿಕ ಈಜುಕೊಳ ಮಾಡಿದ. ಈಗಿನ ಫೆಲ್ಸನ್‌ಥೆರ್ಮೆ ಅದೇ. 1974ರಲ್ಲಿ ಪೇಟೆಯ ನಡುವೆ, ಜಲಪಾತದ ಮಗ್ಗುಲಲ್ಲಿ, ಅವನೇ ಕಾಂಕ್ರೀಟಿನ ದೊಡ್ಡ ಸಮ್ಮೇಳನ ಭವನ ಕಟ್ಟಿದ. ಕೆಲವರಿಗೆ ಅದು ಅದ್ಭುತ, ಹಲವರಿಗೆ ಕಣ್ಣಿನ ಕಸ. ಆ ಕಾಂಕ್ರೀಟು ಬಂಡೆಯ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಆದರೆ ಸಮ್ಮೇಳನಗಳು ನಿಂತುಹೋಗಿ ಅದಕ್ಕೆ ವರ್ಷಗಟ್ಟಲೆ ಬೀಗ ಬಿತ್ತು.

ಬೀಗ ಅದಕ್ಕೊಂದಕ್ಕೇ ಅಲ್ಲ. ಮೂರು ವಾರ ಒಂದೇ ಊರಿನಲ್ಲಿ ಕೂರುವ ಪುರಸೊತ್ತು ಜನರಿಗೆ ಹೋಯಿತು. ಅಗ್ಗದ ವಿಮಾನ ಬಂತು, ಸಮುದ್ರತೀರ ಹತ್ತಿರವಾಯಿತು. ನೂರು ಕೋಣೆಯ ಹಳೇ ಹೋಟೆಲನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದೇ ದೊಡ್ಡ ಖರ್ಚು. ಬಿಸ್ಮಾರ್ಕ್ ಬಂದಿದ್ದ ಸ್ಟ್ರೌಬಿಂಗರ್, ಆರ್ಚ್‌ಬಿಷಪ್‌ನ ಅರಮನೆ, ಹಳೇ ಅಂಚೆ ಕಟ್ಟಡ ಎಲ್ಲವೂ ಒಬ್ಬ ಹೂಡಿಕೆದಾರರ ಕೈಗೆ ಹೋಗಿ, ಕೆಲಸ ಶುರುವಾಗದೆ, ಕಿಟಕಿ ಒಡೆದು, ಗೋಡೆ ಉದುರುತ್ತಾ ನಿಂತವು. ಊರಿನ ಹೃದಯವೇ ಖಾಲಿ. ಎಷ್ಟೋ ವರ್ಷ ಈ ಊರಿಗೆ ಫೋಟೊ ತೆಗೆಯುವವರು ಬಂದದ್ದು ಪಾಳುಬಿದ್ದ ವೈಭವ ನೋಡಲು. ಅದೂ ಒಂದು ನೆಪವೇ ಆಯಿತು ನೋಡಿ.

ಕೊನೆಗೆ 2017ರಲ್ಲಿ ಸಾಲ್ಜ್‌ಬರ್ಗ್ ರಾಜ್ಯ ಸರ್ಕಾರವೇ ಆ ಮೂರು ಕಟ್ಟಡ ಕೊಂಡಿತು. ಮರುವರ್ಷ ಮ್ಯೂನಿಕ್‌ನ ಒಂದು ಕಂಪನಿಗೆ ಮಾರಿತು. 2023ರಲ್ಲಿ ದುರಸ್ತಿಯಾಗಿ ಹೋಟೆಲುಗಳು ತೆರೆದವು. ನಾನು ಅದನ್ನು ಮೆಚ್ಚುತ್ತೇನೆ, ಒಂದು ತಕರಾರಿನ ಜೊತೆ: ಒಳಗೆ ಕಾಲಿಡುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. 2021ರಲ್ಲಿ ಯುನೆಸ್ಕೊ ಯೂರೋಪಿನ ಹನ್ನೊಂದು ಮಹಾ ಸ್ಪಾ ಊರುಗಳನ್ನು ವಿಶ್ವ ಪರಂಪರೆಗೆ ಸೇರಿಸಿತು. ಆಸ್ಟ್ರಿಯಾದಿಂದ ವಿಯೆನ್ನಾದ ಪಕ್ಕದ ಬಾಡೆನ್ ಸೇರಿತು, ಗಾಸ್ಟೈನ್ ಸೇರಲಿಲ್ಲ.

ನೀವು ಹೋದರೆ ಏನು ಮಾಡಬೇಕು? ಫೆಲ್ಸನ್‌ಥೆರ್ಮೆಯಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಈಜುಡುಗೆ ಬೇಕು. ಆದರೆ ಅಲ್ಲಿಯ ಸೌನಾ, ಅಂದರೆ ಬಿಸಿಗಾಳಿಯ ಕೋಣೆಗಳ ಭಾಗದಲ್ಲಿ ಗಂಡಸರು ಹೆಂಗಸರು ಎಲ್ಲರೂ ಬಟ್ಟೆಯಿಲ್ಲದೆ ಇರುತ್ತಾರೆ, ಅದು ಅಲ್ಲಿಯ ರೂಢಿ. ಗೊತ್ತಿಲ್ಲದೆ ಬಾಗಿಲು ತೆಗೆದು ಗಾಬರಿಯಾಗಬೇಡಿ. ಸ್ಟುಬ್ನರ್‌ಕೋಗಲ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಮೇಲೆ 140 ಮೀಟರ್ ಉದ್ದದ ತೂಗುಸೇತುವೆ. ಆಕಾಶ ತಿಳಿಯಾಗಿದ್ದರೆ ಆಸ್ಟ್ರಿಯಾದ ಅತಿ ಎತ್ತರದ ಗ್ರೋಸ್‌ಗ್ಲಾಕ್ನರ್ ಶಿಖರ, 3798 ಮೀಟರ್, ಎದುರಿಗೇ ಕಾಣುತ್ತದೆ. ಪೇಟೆ ಮಾತ್ರ ನಡೆದೇ ನೋಡಿ. ಮಂಡಿನೋವು ಇದ್ದರೆ ಇಳಿಯುವಾಗ ಮೆಟ್ಟಿಲು ಬಿಟ್ಟು ಲಿಫ್ಟ್ ಎಲ್ಲಿದೆ ಅಂತ ಕೇಳಿ.

ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಪ್ರಶ್ನೆಗಳು.

ರೇಡಾನ್ ಅಪಾಯ ಅಲ್ಲವಾ ಅಂತ ಒಬ್ಬರು ಕೇಳಿದರು. ಅಪಾಯವೇ. ಮನೆಯೊಳಗೆ ವರ್ಷಾನುಗಟ್ಟಲೆ ರೇಡಾನ್ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ. ಚಿಕಿತ್ಸೆಯಲ್ಲಿ ಒಳಗೆ ಹೋದ ರೇಡಾನ್‌ನ ಬಹುಪಾಲು ಕೆಲವು ಗಂಟೆಗಳಲ್ಲಿ ಉಸಿರಿನ ಜೊತೆ ಹೊರಬರುತ್ತದೆ, ಪ್ರಮಾಣವೂ ಮಿತ. ಆದರೂ ಕಾಯಿಲೆ ಇಲ್ಲದವರು ಸುಮ್ನೆ ಮಜಾಕ್ಕೆ ಸುರಂಗಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಗರ್ಭಿಣಿಯರಂತೂ ಬೇಡವೇ ಬೇಡ.

ನಮ್ಮಲ್ಲೂ ಬಿಸಿನೀರಿನ ಊಟೆ ಇದೆಯಲ್ಲ ಅಂತ ಪುತ್ತೂರಿನ ಕಡೆಯ ಹಿರಿಯರೊಬ್ಬರು ನೆನಪಿಸಿದರು. ಹೌದು, ಇರ್ದೆಯ ಬೆಂದ್ರುತೀರ್ಥ. ಅದು ಗಾಸ್ಟೈನ್‌ನಷ್ಟು ಬಿಸಿಯಲ್ಲ, ಹೆಚ್ಚುಕಡಿಮೆ ಮೈಬಿಸಿಯ ನೀರು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ ಅಂತ ಮೂರು ಜನ ಕೇಳಿದರು! ಸಿಗುತ್ತದೆ. ಕಾಸ್‌ನೊಕನ್ ಅಂತ, ಹಿಟ್ಟಿನ ಸಣ್ಣ ತುಣುಕುಗಳಿಗೆ ಚೀಸ್ ಹಾಕಿ ಬಾಣಲೆಯಲ್ಲೇ ತಂದಿಡುತ್ತಾರೆ, ಮೇಲೆ ಹುರಿದ ಈರುಳ್ಳಿ. ಇಬ್ಬರಿಗೆ ಒಂದು ಸಾಕು. ಸೂಪ್ ಬಗ್ಗೆ ಮಾತ್ರ ಹುಷಾರು. ಒಳಗೆ ಚೀಸ್ ಉಂಡೆ ಇದ್ದರೂ, ದೋಸೆಯ ಎಳೆಗಳಿದ್ದರೂ, ತಿಳಿಸಾರು ಸಾಮಾನ್ಯವಾಗಿ ದನದ ಮಾಂಸದ್ದು. ಕೇಳಿಯೇ ತರಿಸಿ. ಮೊಟ್ಟೆ ತಿನ್ನುವವರು ಕೈಸರ್‌ಶ್ಮಾರ್ನ್ ಎಂಬ, ತುಂಡು ತುಂಡು ಮಾಡಿದ ಸಿಹಿ ದೋಸೆಯನ್ನು ಬಿಡಬೇಡಿ.

ಕೊನೆಯ ಪ್ರಶ್ನೆ, ಯಾವಾಗ ಹೋಗಬೇಕು. ನವೆಂಬರಿನಲ್ಲಿ ಬೇಡ, ಸ್ಕೀ ಮುಗಿದು ಬೇಸಿಗೆ ಶುರುವಾಗುವ ನಡುವಿನ ವಾರಗಳೂ ಬೇಡ. ಆಗ ಅರ್ಧಕ್ಕರ್ಧ ಹೋಟೆಲು ಮುಚ್ಚಿರುತ್ತವೆ. ಜೂನ್ ಒಳ್ಳೆಯದು, ಹಿಮ ಕರಗಿ ಜಲಪಾತ ತುಂಬಿ ಧುಮುಕುತ್ತಿರುತ್ತದೆ. ಆಗ ಕೋಣೆ ಗೊತ್ತು ಮಾಡುವಾಗ ಜಲಪಾತ ಕಾಣುವ ಕಿಟಕಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ನಿದ್ದೆ ಬೇಕಿದ್ದವರು ಹಿಂದಿನ ಕೋಣೆ ತೆಗೆದುಕೊಳ್ಳಿ.